ಆಂಟ್-ಮ್ಯಾನ್ ಇನ್ನೂ ಚಿಕ್ಕದಾಗಬಹುದಿತ್ತು

(ಸಿನಿಮಾಸಕ್ತರ ಒಂದು ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2015ರಲ್ಲಿ ಬಂದ ಮಾರ್ವೆಲ್ ಸ್ಟುಡಿಯೋಸ್‌ನ ‘ಆಂಟ್-ಮ್ಯಾನ್’ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರವಾಗಿಲ್ಲ. ಒಂದು ಸಲ ನೋಡಬಹುದು. ಮಕ್ಕಳ ಜೊತೆ ಕೂತು ನೋಡಬಹುದು. ಎಲ್ಲೂ ಬೋರ್ ಆಗುವುದಿಲ್ಲ. ಆದರೆ ಮುಗಿದ ಮೇಲೆ ಮನಸ್ಸಿನಲ್ಲಿ ನಿಲ್ಲುವುದು ಎರಡು ಮೂರು ದೃಶ್ಯ ಮಾತ್ರ. ಮಿಕ್ಕಿದ್ದೆಲ್ಲ ಬೇರೆ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸುತ್ತದೆ.

ಆ ಎರಡು ಮೂರು ದೃಶ್ಯ ಯಾಕೆ ನಿಲ್ಲುತ್ತವೆ, ಮಿಕ್ಕಿದ್ದು ಯಾಕೆ ನಿಲ್ಲುವುದಿಲ್ಲ ಅನ್ನೋದೇ ಇವತ್ತಿನ ಮಾತು. ನನಗೆ ಹೊಳೆಯುವ ಕಾರಣ ಒಂದೇ. ಈ ಸಿನಿಮಾಗೆ ಅದರದ್ದೇ ಆದ ಒಂದು ವಿಷಯ ಇತ್ತು. ಮನುಷ್ಯ ಇರುವೆಯಷ್ಟಾದರೆ ಜಗತ್ತು ಹೇಗೆ ಕಾಣುತ್ತದೆ? ಅದನ್ನು ನಂಬಿದ ಕಡೆ ಸಿನಿಮಾ ಚೆನ್ನಾಗಿದೆ. ನಂಬದೆ, ಗೊತ್ತಿರುವ ದಾರಿಗೆ ತಿರುಗಿಕೊಂಡ ಕಡೆ ಸಪ್ಪೆಯಾಗಿದೆ.

ನೋಡದವರಿಗಾಗಿ ಕಥೆ ಚುಟುಕಾಗಿ ಹೇಳುತ್ತೇನೆ. ಸ್ಕಾಟ್ ಲ್ಯಾಂಗ್ ಓದಿದ ಎಂಜಿನಿಯರ್. ಗ್ರಾಹಕರಿಗೆ ಮೋಸ ಮಾಡಿದ ಕಂಪನಿಯೊಂದಕ್ಕೆ ಕನ್ನ ಹಾಕಿ ಜೈಲು ಸೇರಿದ್ದಾನೆ. ಬಿಡುಗಡೆಯಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರೆ ಕೆಲಸ ಸಿಗುವುದಿಲ್ಲ. ಐಸ್‌ಕ್ರೀಂ ಅಂಗಡಿಯಲ್ಲಿ ಸಿಕ್ಕ ಕೆಲಸವೂ ಜೈಲಿನ ವಿಷಯ ಗೊತ್ತಾಗಿ ಹೋಗುತ್ತದೆ. ಬೇರೆಯಾದ ಹೆಂಡತಿಯ ಮನೆಯಲ್ಲಿ ಅವನ ಪುಟ್ಟ ಮಗಳು ಕ್ಯಾಸಿ ಇದ್ದಾಳೆ. ಮತ್ತೆ ಕಳ್ಳತನಕ್ಕೆ ಇಳಿಯುತ್ತಾನೆ. ನುಗ್ಗಿದ ಮನೆ ಹ್ಯಾಂಕ್ ಪಿಮ್ ಅನ್ನುವ ವಯಸ್ಸಾದ ವಿಜ್ಞಾನಿಯದ್ದು. ತಿಜೋರಿಯಲ್ಲಿ ಹಣ ಇಲ್ಲ, ಒಂದು ಹಳೆಯ ಸೂಟ್ ಇದೆ. ಅದನ್ನು ಹಾಕಿಕೊಂಡು ಗುಂಡಿ ಒತ್ತಿದರೆ ಮನುಷ್ಯ ಇರುವೆಯಷ್ಟಾಗುತ್ತಾನೆ. ಪಾಲ್ ರಡ್ ಸ್ಕಾಟ್ ಆಗಿದ್ದಾರೆ, ಮೈಕೆಲ್ ಡಗ್ಲಸ್ ಹ್ಯಾಂಕ್. ಹ್ಯಾಂಕ್‌ನ ಮಗಳು ಹೋಪ್ ಆಗಿ ಇವ್ಯಾಂಜೆಲಿನ್ ಲಿಲಿ.

ಆ ತಿಜೋರಿ ಒಡೆಯುವ ದೃಶ್ಯವನ್ನೇ ನೋಡಿ. ತುಂಬಾ ಹಳೆಯ ಕಾಲದ ಉಕ್ಕಿನ ತಿಜೋರಿ. ಒಳಗಿನ ಬೀಗದ ಭಾಗಕ್ಕೆ ಸ್ಕಾಟ್ ನೀರು ಸುರಿಯುತ್ತಾನೆ. ನೈಟ್ರೋಜನ್ ಬಿಟ್ಟು ಹೆಪ್ಪುಗಟ್ಟಿಸುತ್ತಾನೆ. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದೆ, ಉಕ್ಕು ಹಿಗ್ಗುವುದಿಲ್ಲ. ಬಾಗಿಲು ಕಿತ್ತು ಬರುತ್ತದೆ. ಹೈಸ್ಕೂಲ್ ವಿಜ್ಞಾನ, ಅಷ್ಟೇ. ಆದರೆ ಈ ಮನುಷ್ಯನ ತಲೆ ಹೇಗೆ ಓಡುತ್ತದೆ ಅನ್ನೋದು ಅಲ್ಲಿ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಸೂಟ್ ಹಾಕುವ ಮೊದಲೇ ಅವನು ನಮಗೆ ಹತ್ತಿರವಾಗುತ್ತಾನೆ. ಇಂಥ ದೃಶ್ಯ ಇನ್ನೂ ನಾಲ್ಕು ಇದ್ದಿದ್ದರೆ ನನ್ನ ಅಭಿಪ್ರಾಯವೇ ಬೇರೆ ಇರುತ್ತಿತ್ತು.

ಆಮೇಲೆ ಬಾತ್‌ಟಬ್ ದೃಶ್ಯ. ಸ್ಕಾಟ್ ಮೊದಲ ಸಲ ಕುಗ್ಗುವುದು ಅಲ್ಲಿ. ಬಿಳಿ ತೊಟ್ಟಿಯ ಗೋಡೆ ಬೆಟ್ಟದಂತೆ ಏಳುತ್ತದೆ. ಗೆಳೆಯ ಲೂಯಿಸ್ ಏನೂ ತಿಳಿಯದೆ ನಲ್ಲಿ ತಿರುಗಿಸುತ್ತಾನೆ, ಪ್ರವಾಹ ಬರುತ್ತದೆ. ಅಲ್ಲಿಂದ ನೆಲದ ಬಿರುಕಿನಲ್ಲಿ ಜಾರಿ ಕೆಳಗಿನ ಮನೆಯ ಪಾರ್ಟಿಗೆ ಬೀಳುತ್ತಾನೆ. ಬಿದ್ದದ್ದು ತಿರುಗುತ್ತಿರುವ ಗ್ರಾಮಫೋನ್ ತಟ್ಟೆಯ ಮೇಲೆ. ಕುಣಿಯುವವರ ಚಪ್ಪಲಿಗಳು ಸುತ್ತಲೂ ಬಾಂಬ್ ಬಿದ್ದಂತೆ ಬೀಳುತ್ತವೆ. ವ್ಯಾಕ್ಯೂಮ್ ಕ್ಲೀನರ್ ಅವನನ್ನು ಎಳೆದುಕೊಳ್ಳುತ್ತದೆ. ಈ ಭಾಗಗಳಿಗೆ ಮ್ಯಾಕ್ರೋ ಲೆನ್ಸ್ ಹಾಕಿ ನಿಜವಾದ ವಸ್ತುಗಳನ್ನೇ ತುಂಬಾ ಹತ್ತಿರದಿಂದ ಚಿತ್ರಿಸಿದ್ದಾರೆ. ಅದಕ್ಕೇ ಧೂಳು ಧೂಳಾಗಿಯೇ ಕಾಣುತ್ತದೆ, ರತ್ನಗಂಬಳಿಯ ಎಳೆ ಹಗ್ಗದಷ್ಟು ದಪ್ಪ ಕಾಣುತ್ತದೆ. ನಮ್ಮ ಮನೆಯಲ್ಲಿ ದಿನಾ ತುಳಿಯುವ ನೆಲವೇ ಹೊಸ ದೇಶವಾಗುತ್ತದೆ. ಯಾವ ಸೂಪರ್‌ಹೀರೋ ಸಿನಿಮಾದಲ್ಲೂ ಅಲ್ಲಿಯವರೆಗೆ ನನಗೆ ಈ ಅನುಭವ ಆಗಿರಲಿಲ್ಲ. ಮನಸ್ಸಾರೆ ಮೆಚ್ಚಿದ ಭಾಗ ಇದು.

ಆದರೆ ಇಲ್ಲೇ ಸಿನಿಮಾ ಹಿಂಜರಿಯುವುದೂ ಶುರುವಾಗುತ್ತದೆ. ಗಾತ್ರ ಬದಲಾದರೆ ಬದುಕಿನ ನಿಯಮವೇ ಬದಲಾಗುತ್ತದೆ. ಬ್ರಿಟಿಷ್ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲೇ ಇದರ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ಮುಂದೆ ಇವರು ಭಾರತಕ್ಕೇ ಬಂದು ನೆಲೆಸಿದವರು. ಅವರು ಹೇಳುವ ಲೆಕ್ಕ ಹೀಗಿದೆ. ಸ್ನಾನ ಮಾಡಿ ಎದ್ದ ಮನುಷ್ಯನ ಮೈಗೆ ಅಂಟಿಕೊಳ್ಳುವ ನೀರು ಹೆಚ್ಚೆಂದರೆ ಅರ್ಧ ಕಿಲೋ. ಒದ್ದೆಯಾದ ಇಲಿ ಹೆಚ್ಚುಕಮ್ಮಿ ತನ್ನ ತೂಕದಷ್ಟೇ ನೀರು ಹೊರಬೇಕು. ಒದ್ದೆಯಾದ ನೊಣ ತನ್ನ ತೂಕದ ಹಲವು ಪಟ್ಟು ಹೊರಬೇಕು. ಅಂದರೆ ಅಷ್ಟು ಚಿಕ್ಕ ಜೀವಿಗೆ ಪ್ರವಾಹ ದೊಡ್ಡ ಭಯ ಅಲ್ಲ. ಒಂದೇ ಒಂದು ಹನಿ ಸಾಕು. ಹನಿಗೆ ಒಮ್ಮೆ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಆದರೆ ಎತ್ತರದಿಂದ ಬೀಳುವುದಕ್ಕೆ ಅದು ಹೆದರಬೇಕಾಗಿಲ್ಲ. ಇಲಿ ಆಳದ ಗಣಿಗೆ ಬಿದ್ದರೂ ಸ್ವಲ್ಪ ತತ್ತರಿಸಿ ಎದ್ದು ಓಡುತ್ತದೆ ಅನ್ನುತ್ತಾರೆ ಅವರು.

ಎಂಥ ಸಾಮಗ್ರಿ ನೋಡಿ! ನಾವು ಹೆದರುವುದಕ್ಕೆ ಕುಗ್ಗಿದ ಸ್ಕಾಟ್ ಹೆದರಬೇಕಿಲ್ಲ, ನಾವು ಗಮನಿಸದೆ ಬಿಡುವುದು ಅವನ ಪ್ರಾಣಕ್ಕೆ ಸಂಚಕಾರ. ಇದರ ಮೇಲೇ ಒಂದು ಇಡೀ ಸಾಹಸದ ದೃಶ್ಯ ಕಟ್ಟಬಹುದಿತ್ತು. ಸಿನಿಮಾದಲ್ಲಿ ನೀರು ಸುಮ್ನೆ ದೊಡ್ಡ ಅಲೆ. ಸಮುದ್ರದ ಸಿನಿಮಾದಲ್ಲಿ ಬರುವ ಅಲೆಯೇ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ವಿಜ್ಞಾನ ಸರಿಯಿಲ್ಲ ಅಂತ ನಾನು ದೂರುತ್ತಿಲ್ಲ. ಕುಗ್ಗಿದರೂ ಸ್ಕಾಟ್‌ನ ಗುದ್ದಿಗೆ ಪೂರ್ತಿ ಮನುಷ್ಯನ ಬಲ ಇರುತ್ತದೆ, ಅದಕ್ಕೇ ಬಂದೂಕಿನ ಗುಂಡಿನಂತೆ ಹೊಡೆಯುತ್ತಾನೆ ಅನ್ನುವುದು ಸಿನಿಮಾದ ಮಾತು. ಹಾಗಿದ್ದರೆ ಅವನನ್ನು ಬೆನ್ನ ಮೇಲೆ ಹೊತ್ತು ಇರುವೆ ಹೇಗೆ ಹಾರುತ್ತದೆ? ಹ್ಯಾಂಕ್ ಕುಗ್ಗಿಸಿದ ಯುದ್ಧದ ಟ್ಯಾಂಕನ್ನು ಕೀಚೈನ್‌ಗೆ ಸಿಕ್ಕಿಸಿಕೊಂಡು ಹೇಗೆ ಓಡಾಡುತ್ತಾನೆ? ಕೇಳಬಹುದು, ಆದರೆ ಕಥೆಗೆ ಆ ಸ್ವಾತಂತ್ರ್ಯ ಕೊಡೋಣ. ನನ್ನ ಬೇಸರ ಬೇರೆ. ನಿಜವಾದ ನಿಯಮವೇ ಜಾಸ್ತಿ ರೋಚಕವಾಗಿದ್ದಾಗ ಅದನ್ನು ಬಿಟ್ಟು ಹಳೆಯ ಆ್ಯಕ್ಷನ್ ದೃಶ್ಯವನ್ನೇ ಚಿಕ್ಕ ಅಳತೆಯಲ್ಲಿ ಮಾಡಿದ್ದಾರೆ.

ಸ್ಕಾಟ್‌ಗೆ ನೆರವಾಗುವ ಇರುವೆಗಳ ವಿಷಯದಲ್ಲಿ ಮಾತ್ರ ಅವರು ಸ್ವಲ್ಪ ಮನಸ್ಸು ಕೊಟ್ಟಿದ್ದಾರೆ. ನಾಲ್ಕು ಬಗೆಯ ಇರುವೆಗಳಿವೆ, ನಾಲ್ಕಕ್ಕೂ ಬೇರೆ ಬೇರೆ ಕೆಲಸ. ಬೆಂಕಿ ಇರುವೆಗಳು ಒಂದಕ್ಕೊಂದು ಹೆಣೆದುಕೊಂಡು ನೀರಿನ ಮೇಲೆ ತೆಪ್ಪವಾಗುತ್ತವೆ. ಪ್ರಕೃತಿಯಲ್ಲೂ ಅವು ಹಾಗೆ ಮಾಡುತ್ತವೆ. ‘ಕ್ರೇಜಿ ಆಂಟ್’ ಅಂತ ತೋರಿಸುವ ಜಾತಿ ನಮ್ಮ ಊರುಗಳಲ್ಲೂ ಇದೆ. ಉದ್ದ ಮೀಸೆ ಆಡಿಸುತ್ತಾ, ಗೊತ್ತುಗುರಿ ಇಲ್ಲದವರ ಹಾಗೆ ಅತ್ತಿತ್ತ ಓಡುವ ಸಣ್ಣ ಕಪ್ಪಿರುವೆ. ಸ್ಕಾಟ್ ಸವಾರಿ ಮಾಡುವ ಇರುವೆ ನಮ್ಮ ಗೊದ್ದದ ಕುಲದ್ದು. ಹ್ಯಾಂಕ್ ಅದಕ್ಕೆ 247 ಅಂತ ನಂಬರ್ ಕೊಟ್ಟಿರುತ್ತಾನೆ. ಸ್ಕಾಟ್ ಆಂಟನಿ ಅಂತ ಹೆಸರಿಡುತ್ತಾನೆ. ಕೊನೆಯ ಬೆನ್ನಟ್ಟುವಿಕೆಯಲ್ಲಿ ಆಂಟನಿಗೆ ಗುಂಡು ತಗಲುತ್ತದೆ, ಒಂದು ರೆಕ್ಕೆ ಗಾಳಿಯಲ್ಲಿ ತೇಲುತ್ತಾ ಕೆಳಗೆ ಇಳಿಯುತ್ತದೆ. ಒಂದು ಇರುವೆ ಸತ್ತದ್ದಕ್ಕೆ ಥಿಯೇಟರ್ ಅಯ್ಯೋ ಅನ್ನುತ್ತದೆ. ಸಿನಿಮಾದಲ್ಲಿ ಮನುಷ್ಯರೂ ಸಾಯುತ್ತಾರೆ, ಯಾರ ಸಾವೂ ಇಷ್ಟು ತಟ್ಟುವುದಿಲ್ಲ. ತನ್ನದೇ ವಿಷಯವನ್ನು ನಂಬಿದಾಗ ಈ ಸಿನಿಮಾ ಎಷ್ಟು ಮಾಡಬಲ್ಲದು ಅನ್ನೋದಕ್ಕೆ ಆ ರೆಕ್ಕೆ ಸಾಕು.

ಹಾಗಾದರೆ ಯಾಕೆ ಹಿಂಜರಿಕೆ? ಸ್ವಲ್ಪ ಹಿಂದಕ್ಕೆ ಹೋಗಬೇಕು. 2005ರಲ್ಲಿ ಮಾರ್ವೆಲ್ ಸ್ವಂತವಾಗಿ ಸಿನಿಮಾ ಮಾಡಲು ಮೆರಿಲ್ ಲಿಂಚ್ ಅನ್ನುವ ಹಣಕಾಸು ಸಂಸ್ಥೆಯ ಮೂಲಕ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡಿತು. ಅಡಮಾನ ಇಟ್ಟದ್ದು ತನ್ನ ಹತ್ತು ಪಾತ್ರಗಳ ಸಿನಿಮಾ ಹಕ್ಕುಗಳನ್ನು. ಆಂಟ್-ಮ್ಯಾನ್ ಆ ಪಟ್ಟಿಯಲ್ಲಿ ಇದ್ದ. ಸಿನಿಮಾ ಸೋತರೆ ಪಾತ್ರಗಳೇ ಕೈಬಿಟ್ಟು ಹೋಗುತ್ತಿದ್ದವು. ಅಂಥ ಪರಿಸ್ಥಿತಿಯಲ್ಲಿ ಅವರು 2008ರ ‘ಐರನ್ ಮ್ಯಾನ್’ ಮಾಡಿದರು, ಅದೂ ಜನ ಕೈಬಿಟ್ಟಿದ್ದ ನಟನನ್ನು ನಾಯಕನಾಗಿ ಇಟ್ಟುಕೊಂಡು. ಮುಂದಿನ ವರ್ಷ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಮಾರ್ವೆಲ್ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ‘ಆಂಟ್-ಮ್ಯಾನ್’ ಬರುವ ಹೊತ್ತಿಗೆ ಅದು ಒಂದಕ್ಕೊಂದು ಕೊಂಡಿಯಿರುವ ಮಾರ್ವೆಲ್ ಸರಣಿಯ 12ನೇ ಸಿನಿಮಾ. ಸಾಲದ ಭಯ ಹೋಗಿತ್ತು. ಎಲ್ಲ ಕಳೆದುಕೊಳ್ಳುವ ಅಪಾಯ ಇದ್ದಾಗ ಧೈರ್ಯ ಮಾಡಿದವರು, ಗೆದ್ದು ಭದ್ರವಾದ ಮೇಲೆ ಹುಷಾರಾದರು. ನನ್ನನ್ನು ಹೆಚ್ಚು ಕಾಡುವುದು ಇದೇ.

ಈ ಸಿನಿಮಾದ ಹಿಂದೆ ಒಬ್ಬ ನಿರ್ದೇಶಕ ಹೋದ ಕಥೆಯೂ ಇದೆ, ನಿಮ್ಮಲ್ಲಿ ಹಲವರಿಗೆ ಗೊತ್ತು. ಇಂಗ್ಲೆಂಡಿನ ಎಡ್ಗರ್ ರೈಟ್ ಗೆಳೆಯ ಜೋ ಕಾರ್ನಿಷ್ ಜೊತೆ ಸೇರಿ ಇದನ್ನು ವರ್ಷಗಟ್ಟಲೆ ಬರೆಯುತ್ತಿದ್ದರು. 2012ರಲ್ಲಿ ಸ್ಯಾನ್ ಡಿಯಾಗೋದ ಕಾಮಿಕ್-ಕಾನ್ ಅನ್ನುವ ಕಾಮಿಕ್ಸ್ ಅಭಿಮಾನಿಗಳ ಮೇಳದಲ್ಲಿ ಒಂದು ಪರೀಕ್ಷಾರ್ಥ ತುಣುಕನ್ನೂ ತೋರಿಸಿದರು. 2014ರ ಮೇ ತಿಂಗಳಲ್ಲಿ ಅವರು ಹೊರನಡೆದರು. ತನಗೆ ಮಾರ್ವೆಲ್ ಸಿನಿಮಾ ಮಾಡುವ ಆಸೆ ಇತ್ತು, ಮಾರ್ವೆಲ್‌ಗೆ ತನ್ನ ಸಿನಿಮಾ ಬೇಕಿರಲಿಲ್ಲ ಅನ್ನುವ ಅರ್ಥದ ಮಾತನ್ನು ಆಮೇಲೆ ಆಡಿದರು. ಪೇಟನ್ ರೀಡ್ ಹೊಸ ನಿರ್ದೇಶಕರಾದರು. ಚಿತ್ರಕಥೆಯನ್ನು ಆ್ಯಡಮ್ ಮೆಕೇ ಮತ್ತು ಪಾಲ್ ರಡ್ ತಿದ್ದಿದರು. ಆದರೆ 2015ರ ಜುಲೈ ಬಿಡುಗಡೆಯನ್ನು ಮುಂದೂಡಲಿಲ್ಲ. ಅಷ್ಟು ಕಡಿಮೆ ಸಮಯದಲ್ಲಿ ಯಾರೇ ಆದರೂ ಗೊತ್ತಿರುವ ದಾರಿಯನ್ನೇ ಹಿಡಿಯುತ್ತಾರೆ ಅಲ್ವಾ?

ಹಾಗಂತ, ಪ್ರತಿಭಾವಂತನನ್ನು ಓಡಿಸಿ ಸ್ಟುಡಿಯೋ ಎಲ್ಲ ಹಾಳು ಮಾಡಿತು ಅಂತ ಹೇಳಿ ಮುಗಿಸಿದರೆ ಅನ್ಯಾಯ. ಲೂಯಿಸ್ ಕಥೆ ಹೇಳುವ ಭಾಗ ನೆನಪಿದೆಯಲ್ಲ? ಯಾರೋ ಯಾರಿಗೋ ಹೇಳಿದ್ದನ್ನು ಅವನು ಒಂದೇ ಉಸಿರಿಗೆ ಒದರುತ್ತಾ ಹೋಗುತ್ತಾನೆ. ತೆರೆಯ ಮೇಲೆ ಎಲ್ಲರ ತುಟಿ ಆಡುತ್ತದೆ, ಧ್ವನಿ ಮಾತ್ರ ಲೂಯಿಸ್‌ದೇ. ಮೈಕೆಲ್ ಪೆನ್ಯಾ ಆ ಪಾತ್ರದಲ್ಲಿ ಎಲ್ಲರನ್ನೂ ಮೀರಿಸಿದ್ದಾರೆ. ಈ ಭಾಗ ಸೇರಿದ್ದು ರೈಟ್ ಹೋದ ಮೇಲೆಯೇ. ಹೊಸ ತಂಡಕ್ಕೂ ಹೊಸತನ ಇತ್ತು. ಅದನ್ನು ಅವರು ಬದಿಯ ಪಾತ್ರಗಳಿಗೆ ಖರ್ಚು ಮಾಡಿದರು, ಕಥೆಯ ನಡುಮನೆಗೆ ತರಲಿಲ್ಲ.

ನಡುಮನೆಯಲ್ಲಿ ಇರುವುದು ಡ್ಯಾರೆನ್ ಕ್ರಾಸ್. ಹ್ಯಾಂಕ್‌ನ ಹಳೆಯ ಶಿಷ್ಯ, ಈಗ ಖಳ. ಅವನೂ ಕುಗ್ಗುವ ಸೂಟ್ ಮಾಡುತ್ತಾನೆ, ಹೆಸರು ಯೆಲ್ಲೋಜಾಕೆಟ್. ಅದನ್ನು ಕದ್ದು ತರಲು ಹ್ಯಾಂಕ್ ಸ್ಕಾಟ್‌ನನ್ನು ತಯಾರು ಮಾಡುತ್ತಾನೆ. ನಾಯಕನ ಶಕ್ತಿಯೇ ಖಳನಿಗೂ ಇರುವುದು ಮಾರ್ವೆಲ್‌ಗೆ ರೂಢಿ. ‘ಐರನ್ ಮ್ಯಾನ್’ನಲ್ಲಿ ಇನ್ನೂ ದೊಡ್ಡ ಕಬ್ಬಿಣದ ಸೂಟ್, ಹಲ್ಕ್‌ಗೆ ಎದುರಾಗಿ ಇನ್ನೊಬ್ಬ ರಾಕ್ಷಸ. ಇಲ್ಲೂ ಅದೇ. ಯಾಕೆ ಕೆಟ್ಟವನಾದ ಅಂದರೆ, ಗುರು ಪ್ರೀತಿ ತೋರಿಸಲಿಲ್ಲ, ಜೊತೆಗೆ ಕುಗ್ಗಿಸುವ ಕಣಗಳು ಅವನ ತಲೆ ಕೆಡಿಸುತ್ತಿವೆ. ಮೊದಲನೆಯದು ಒಳ್ಳೆಯ ಕಾರಣ, ಎರಡನೆಯದು ಅದನ್ನು ಅಳಿಸಿಹಾಕುತ್ತದೆ. ಕೋರಿ ಸ್ಟೋಲ್ ಒಳ್ಳೆಯ ನಟ. ಅವರಿಗೆ ಕಣ್ಣರಳಿಸುವುದನ್ನು ಬಿಟ್ಟು ಕೆಲಸ ಇಲ್ಲ.

ಈ ಪಾತ್ರಗಳು ಮೊದಲು ಬಂದ ಮಾರ್ವೆಲ್ ಕಾಮಿಕ್ಸ್ ಓದಿದವರಿಗೆ ಇಲ್ಲಿ ಇನ್ನೊಂದು ನಷ್ಟ ಗೊತ್ತಾಗುತ್ತದೆ. ಹ್ಯಾಂಕ್ ಪಿಮ್ ಮೊದಲು ಬಂದದ್ದು 1962ರಲ್ಲಿ. ಕಾಮಿಕ್ಸ್‌ನಲ್ಲಿ ಯೆಲ್ಲೋಜಾಕೆಟ್ ಬೇರೆ ಯಾರೂ ಅಲ್ಲ, ಸ್ವತಃ ಹ್ಯಾಂಕ್. 1968ರಲ್ಲಿ ಅವನ ಮನಸ್ಸು ಕದಡಿ, ತಾನೇ ಬೇರೆ ಮನುಷ್ಯ ಅಂದುಕೊಂಡು ಆ ವೇಷ ಹಾಕುತ್ತಾನೆ. 1981ರ ಒಂದು ಸಂಚಿಕೆಯಲ್ಲಿ ಹೆಂಡತಿ ಜ್ಯಾನೆಟ್ ಮೇಲೆ ಕೈ ಮಾಡುತ್ತಾನೆ. ಓದುಗರು ಅದನ್ನು ಇವತ್ತಿಗೂ ಮರೆತಿಲ್ಲ. ತಾನು ಕಂಡುಹಿಡಿದದ್ದನ್ನು, ತನ್ನನ್ನು ಪ್ರೀತಿಸಿದವರನ್ನು ತಾನೇ ಹಾಳುಮಾಡುವ ಮನುಷ್ಯ ಅವನು. ಸಿನಿಮಾ ಏನು ಮಾಡಿತು? ಆ ಕತ್ತಲನ್ನೆಲ್ಲ ಎತ್ತಿ ಕ್ರಾಸ್ ಕೈಗೆ ಕೊಟ್ಟಿತು. ಹ್ಯಾಂಕ್‌ಗೆ ಉಳಿದದ್ದು ಸಿಡುಕು ಮತ್ತು ಹೆಂಡತಿಯನ್ನು ಕಳೆದುಕೊಂಡ ದುಃಖ. ಹೆಂಡತಿಗೆ ಹೊಡೆದದ್ದನ್ನು ಮಕ್ಕಳೂ ನೋಡುವ ಸಿನಿಮಾದಲ್ಲಿ ತೋರಿಸಬೇಕಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಡಗ್ಲಸ್ ಅಂಥ ನಟ ಕೈಯಲ್ಲಿರುವಾಗ, ತನ್ನೊಳಗಿನ ಕೆಡುಕಿಗೆ ತಾನೇ ಹೆದರುವ ಮುದುಕನನ್ನು ತೋರಿಸಬಹುದಿತ್ತು. ಒಬ್ಬ ಮನುಷ್ಯನನ್ನು ಇಬ್ಬರಾಗಿ ಒಡೆದದ್ದರಿಂದ ಒಬ್ಬ ಪೂರಾ ಒಳ್ಳೆಯವನಾದ, ಇನ್ನೊಬ್ಬ ಪೂರಾ ಕೆಟ್ಟವನಾದ. ಇಬ್ಬರೂ ತೆಳುವಾದರು.

ಹೋಪ್ ವಿಷಯಕ್ಕೆ ಬರುತ್ತೇನೆ. ಇರುವೆಗಳಿಗೆ ಆಜ್ಞೆ ಕೊಡುವುದು ಅವಳಿಗೆ ಗೊತ್ತು. ಹೊಡೆದಾಟ ಗೊತ್ತು, ಸ್ಕಾಟ್‌ಗೆ ಕಲಿಸುವವಳೇ ಅವಳು. ಕ್ರಾಸ್‌ನ ಕಟ್ಟಡದ ಮೂಲೆಮೂಲೆ ಗೊತ್ತು. ಸೂಟ್ ಮಾತ್ರ ಸ್ಕಾಟ್‌ಗೆ. ಅಪ್ಪನಿಗೆ ಮಗಳನ್ನು ಕಳೆದುಕೊಳ್ಳುವ ಭಯ. ಕಾರಿನಲ್ಲಿ ಕೂತು ಸ್ಕಾಟ್ ಅವಳಿಗೆ ಇದನ್ನು ಬಿಡಿಸಿ ಹೇಳುತ್ತಾನೆ: ನಾನು ಹೋದರೆ ನಷ್ಟ ಇಲ್ಲ, ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾರೆ ಅಂತ. ಚೆನ್ನಾಗಿ ಬರೆದ, ಚೆನ್ನಾಗಿ ನಟಿಸಿದ ದೃಶ್ಯ. ಸಿನಿಮಾಗೆ ತನ್ನ ತೊಡಕು ಗೊತ್ತಿದೆ ಅಂತ ಅಲ್ಲೇ ತಿಳಿಯುತ್ತದೆ. ಗೊತ್ತಿದ್ದೂ ಏನೂ ಮಾಡುವುದಿಲ್ಲ. ಹೆಸರುಗಳು ಬರುವ ಹೊತ್ತಿನಲ್ಲಿ ಹ್ಯಾಂಕ್ ಅವಳಿಗೆ ಹೊಸ ಸೂಟ್ ತೋರಿಸುತ್ತಾನೆ, ಅವಳು ಇಷ್ಟು ದಿನ ಬೇಕಾಯಿತಾ ಅನ್ನುತ್ತಾಳೆ. ಸೂಟ್ ಹಾಕಿದ ಹೋಪ್‌ಗಾಗಿ ನಾವು 2018ರವರೆಗೆ ಕಾಯಬೇಕಾಯಿತು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಇದೇ ಸಿನಿಮಾದಲ್ಲಿ ಸಲ್ಲಬೇಕಾದದ್ದನ್ನು ಮುಂದಿನ ಟಿಕೆಟ್‌ಗೆ ಅಂತ ಎತ್ತಿಟ್ಟರು.

ನಡುವೆ ಫಾಲ್ಕನ್ ಅನ್ನುವ ಇನ್ನೊಬ್ಬ ಮಾರ್ವೆಲ್ ಹೀರೋ ಜೊತೆಗಿನ ಹೊಡೆದಾಟ ಬರುತ್ತದೆ. ಉಳಿದ ಮಾರ್ವೆಲ್ ಸಿನಿಮಾಗಳಿಗೆ ಕೊಂಡಿ ಹಾಕಲು. ಹೆಚ್ಚು ಹೇಳುವುದಕ್ಕೆ ಏನಿಲ್ಲ.

ಕೊನೆಯ ಕಾಳಗ ಮಾತ್ರ ಖುಷಿ ಕೊಟ್ಟಿತು. ಕ್ಯಾಸಿಯ ಕೋಣೆ, ಆಟದ ರೈಲು. ಹಳಿಯ ಮೇಲೆ ಇಬ್ಬರೂ ಹೊಡೆದಾಡುತ್ತಾರೆ. ಒಳಗಿನಿಂದ ನೋಡಿದರೆ ಪ್ರಳಯ. ರೈಲು ಅಬ್ಬರಿಸಿ ಬಂದು ಕ್ರಾಸ್‌ಗೆ ಗುದ್ದುತ್ತದೆ. ತಕ್ಷಣ ಕ್ಯಾಮೆರಾ ಹೊರಗೆ ಬರುತ್ತದೆ. ಪ್ಲಾಸ್ಟಿಕ್ ಆಟಿಕೆಯೊಂದು ಟಕ್ ಅಂತ ಮಗುಚಿಕೊಳ್ಳುತ್ತದೆ, ಅಷ್ಟೇ. ನಾನು ಹೇಳಲು ಹೊರಟ ವಿಷಯ ಪೂರ್ತಿ ಈ ಒಂದು ಕಟ್‌ನಲ್ಲಿದೆ. ಚಿಕ್ಕದು ದೊಡ್ಡದು ಅನ್ನೋದು ಎಲ್ಲಿ ನಿಂತು ನೋಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ನಗರಗಳು ಆಕಾಶದಿಂದ ಬೀಳುವ ಕ್ಲೈಮ್ಯಾಕ್ಸ್‌ಗಳ ನಡುವೆ, ಒಂದು ಮಗುವಿನ ಕೋಣೆಯಲ್ಲಿ ಎಲ್ಲ ತೀರ್ಮಾನವಾಗುವುದು ದೊಡ್ಡ ಸಮಾಧಾನ.

ಆದರೆ ಇಲ್ಲೂ ಕೊನೆಗೆ ಹಿಂದೆ ಸರಿದರು. ಕ್ರಾಸ್‌ನ ಸೂಟ್ ಒಳಹೊಕ್ಕಲು ಸ್ಕಾಟ್ ಅಣುವಿಗಿಂತ ಚಿಕ್ಕವನಾಗಬೇಕು. ಅಲ್ಲಿಗೆ ಹೋದವರು ವಾಪಸ್ ಬರುವುದಿಲ್ಲ ಅಂತ ಸಿನಿಮಾ ಮೊದಲಿನಿಂದ ಹೇಳಿಕೊಂಡು ಬಂದಿದೆ, ಹ್ಯಾಂಕ್‌ನ ಹೆಂಡತಿ ಕಳೆದುಹೋದದ್ದೇ ಹಾಗೆ. ಸ್ಕಾಟ್ ಹೋಗುತ್ತಾನೆ. ಬಣ್ಣಗಳು ಒಡೆಯುತ್ತವೆ, ಸದ್ದು ಅಡಗುತ್ತದೆ. ಈಗ ನಿಜವಾಗಿ ಹೊಸದನ್ನು ನೋಡುತ್ತೇವೆ ಅನ್ನಿಸುವಷ್ಟರಲ್ಲಿ ಮಗಳ ಧ್ವನಿ ಕೇಳಿಸುತ್ತದೆ, ಕುಗ್ಗಿದ್ದನ್ನು ದೊಡ್ಡದು ಮಾಡುವ ಒಂದು ಬಿಲ್ಲೆಯನ್ನು ಸೂಟಿಗೆ ಸಿಕ್ಕಿಸುತ್ತಾನೆ, ವಾಪಸ್ ಬಂದೇಬಿಡುತ್ತಾನೆ. ಹೊಳೆ ದಾಟುತ್ತೇನೆ ಅಂತ ಹೊರಟವನು ಮೊಣಕಾಲು ಮಟ್ಟದ ನೀರಿಗೆ ಇಳಿದು ಮನೆಗೆ ತಿರುಗಿದ ಹಾಗಾಯಿತು.

ಇದೇ ಹೊಳೆಯನ್ನು 1957ರಲ್ಲೇ ಒಬ್ಬರು ದಾಟಿದ್ದರು. ಜ್ಯಾಕ್ ಅರ್ನಾಲ್ಡ್ ನಿರ್ದೇಶಿಸಿದ ‘ದಿ ಇನ್‌ಕ್ರೆಡಿಬಲ್ ಶ್ರಿಂಕಿಂಗ್ ಮ್ಯಾನ್’. ರಿಚರ್ಡ್ ಮ್ಯಾಥೆಸನ್ ಅವರ ಕಾದಂಬರಿ ಆಧರಿಸಿದ್ದು. ಅಲ್ಲಿನ ನಾಯಕನ ಹೆಸರೂ ಸ್ಕಾಟ್, ಸ್ಕಾಟ್ ಕೇರಿ. ಅವನ ಬಳಿ ಗುಂಡಿ ಇಲ್ಲ. ದಿನದಿನಕ್ಕೂ ಕುಗ್ಗುತ್ತಾ ಹೋಗುತ್ತಾನೆ. ಗೊಂಬೆಮನೆಯಲ್ಲಿ ಇರಬೇಕಾಗುತ್ತದೆ. ಸಾಕಿದ ಬೆಕ್ಕೇ ಬೇಟೆಗೆ ಬರುತ್ತದೆ. ನೆಲಮಾಳಿಗೆಗೆ ಬಿದ್ದು ಬೆಂಕಿಪೊಟ್ಟಣದಲ್ಲಿ ಮಲಗುತ್ತಾನೆ. ಇಲಿಬೋನಿನ ಚೀಸ್‌ಗೆ ಆಸೆಪಡುತ್ತಾನೆ. ಗುಂಡುಸೂಜಿ ಹಿಡಿದು ಜೇಡದ ಜೊತೆ ಹೋರಾಡುತ್ತಾನೆ. ಹೆಂಡತಿ ಅದೇ ನೆಲಮಾಳಿಗೆಗೆ ಇಳಿದು ಬರುತ್ತಾಳೆ, ಇವನು ಕೂಗುತ್ತಾನೆ, ಅವಳಿಗೆ ಕೇಳಿಸುವುದಿಲ್ಲ. ಕೊನೆಗೆ ಕಿಟಕಿಯ ಜಾಲರಿಯ ತೂತಿನಿಂದ ತೂರಿ ಹೊರಗೆ ಹೋಗುವಷ್ಟು ಚಿಕ್ಕವನಾಗುತ್ತಾನೆ. ಯಾರೂ ಕಾಪಾಡುವುದಿಲ್ಲ. ಔಷಧಿ ಸಿಗುವುದಿಲ್ಲ. ಎಷ್ಟು ಕುಗ್ಗಿದರೂ ನಾನು ಇದ್ದೇನೆ ಅಂತ ಹೇಳಿಕೊಂಡು ಮುಂದಕ್ಕೆ ನಡೆಯುತ್ತಾನೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ, ಸುಮಾರು 80 ನಿಮಿಷದಲ್ಲಿ ಇಷ್ಟು ದೂರ ಹೋಗಿದ್ದಾರೆ.

‘ಆಂಟ್-ಮ್ಯಾನ್’ ಪ್ರಪಂಚದಾದ್ಯಂತ ಸುಮಾರು 51.9 ಕೋಟಿ ಡಾಲರ್ ಗಳಿಸಿತು. ಎಚ್ಚರಿಕೆಯ ಲೆಕ್ಕ ಕೈಕೊಡಲಿಲ್ಲ. ಆದರೆ 2023ರಲ್ಲಿ ಅದೇ ಪೇಟನ್ ರೀಡ್ ಮಾಡಿದ ಮೂರನೇ ಸಿನಿಮಾ ‘ಕ್ವಾಂಟುಮೇನಿಯಾ’ ನೋಡಿ. ಬಹುಪಾಲು ಕಥೆ ಆ ಅಣುಲೋಕದಲ್ಲೇ ನಡೆಯುತ್ತದೆ. ಮೊದಲನೆಯದರಲ್ಲಿ ಕಾಲಿಡಲು ಹೆದರಿದ ಜಾಗ ಇದು, ಈಗಲಾದರೂ ಹೋದರಲ್ಲ ಅಂತ ಸಂತೋಷಪಡಬೇಕಿತ್ತು. ಆದರೆ ಅಲ್ಲಿ ನಗರ ಇದೆ, ಸೈನ್ಯ ಇದೆ, ಹಾರುವ ಹಡಗುಗಳಿವೆ. ಯಾವುದೋ ದೂರದ ಗ್ರಹದ ಹಾಗೆ. ಬಾತ್‌ಟಬ್ ಇಲ್ಲ, ಆಟದ ರೈಲು ಇಲ್ಲ. ಪಕ್ಕದಲ್ಲಿ ನಮಗೆ ಗೊತ್ತಿರುವ ಒಂದು ವಸ್ತು ಇಲ್ಲದಿದ್ದರೆ ಸ್ಕಾಟ್ ಚಿಕ್ಕವನೋ ದೊಡ್ಡವನೋ ನಮಗೆ ಹೇಗೆ ಗೊತ್ತಾಗಬೇಕು? ಅತ್ಯಂತ ಚಿಕ್ಕ ಲೋಕಕ್ಕೆ ಹೋದ ಸಿನಿಮಾದಲ್ಲಿ ಚಿಕ್ಕತನವೇ ಮಾಯವಾಯಿತು. ಮೊದಲನೆಯದಕ್ಕಿಂತ ಎಷ್ಟೋ ಜಾಸ್ತಿ ಖರ್ಚು ಮಾಡಿದರು. ಬಂದದ್ದು ಸುಮಾರು 47.6 ಕೋಟಿ ಡಾಲರ್, ಮೊದಲನೆಯದಕ್ಕಿಂತ ಕಡಿಮೆ.

ಮಕ್ಕಳಿಗೆ ತೋರಿಸಬಹುದಾ ಅಂತ ಮಾತಿನ ಮೊದಲೇ ಒಬ್ಬರು ಕೇಳಿದ್ದರು. ಖಂಡಿತ ತೋರಿಸಿ. ಕ್ರಾಸ್ ಒಬ್ಬನನ್ನು ಶೌಚಾಲಯದಲ್ಲಿ ಕರಗಿಸುವ ದೃಶ್ಯಕ್ಕೆ ತೀರಾ ಸಣ್ಣವರು ಬೆಚ್ಚಬಹುದು, ಪಕ್ಕದಲ್ಲಿ ಕೂತಿರಿ. ಬಾತ್‌ಟಬ್ ಮತ್ತು ರೈಲಿನ ಭಾಗ ಬಂದಾಗ ನಿಲ್ಲಿಸಿ ನಿಲ್ಲಿಸಿ ತೋರಿಸಿ. ಸಾಧ್ಯವಾದರೆ ಅದೇ ವಾರ 1957ರ ಸಿನಿಮಾ ಕೂಡ ಹಾಕಿ. ಕಪ್ಪು ಬಿಳುಪು ಅಂತ ಮೊದಲು ಗೊಣಗುತ್ತಾರೆ. ಜೇಡ ಬರುವವರೆಗೆ ಕೂರಿಸಿ, ಆಮೇಲೆ ಅವರೇ ಏಳುವುದಿಲ್ಲ.